ಧಾರವಾಡಕ್ಕೆ ಕಳಿಸಬೇಕಾದ ಮಕ್ಕಳಲ್ಲ

ನಮ್ಮ ಕಡೆ ಯಾರನ್ನಾದರೂ 'ಇವನ್ನ ಧಾರವಾಡಕ್ಕ ಕಳಸ್ಬೇಕು' ಅಂದರೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೇಂದ್ರೆಯವರ ಊರು, ವಿಶ್ವವಿದ್ಯಾಲಯದ ಊರು ನಮ್ಮ ಜನರ ಮಾತಿನಲ್ಲಿ ಇನ್ನೂ ಹುಚ್ಚಾಸ್ಪತ್ರೆಯ ಊರೇ. ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಆದರೆ ಶಿರಹಟ್ಟಿಯ ಒಬ್ಬ ತಾಯಿಗೆ, 'ನಿಮ್ಮ ಹುಡುಗ ಓದಿನ್ಯಾಗ ಹಿಂದ ಬಿದ್ದಾನ, ಒಮ್ಮೆ ಅಲ್ಲಿ ತೋರಸ್ರಿ' ಎಂದು ಹೇಳಿ ನೋಡಿ. 'ನನ್ನ ಮಗಾ ಏನ್ ಹುಚ್ಚ ಅದಾನೇನ್ರಿ?' ಎಂದು ಆಕೆ ಎದ್ದು ಹೋಗುತ್ತಾಳೆ. ಆಕೆಯನ್ನು ದೂರಿ ಪ್ರಯೋಜನವಿಲ್ಲ. ಆ ಹುಡುಗನ ಬಗ್ಗೆ ಅಲ್ಲಿಯವರೆಗೆ ಆಕೆಗೆ ಯಾರಾದರೂ ಹೇಳಿದ್ದೇನು? 'ದಡ್ಡ' ಎಂದು ಮಾಸ್ತರರು ಹೇಳಿದ್ದಾರೆ, 'ಸೋಮಾರಿ' ಎಂದು ಅಪ್ಪ ಹೇಳಿದ್ದಾನೆ, 'ನಜರ್ ಆಗೇತಿ' ಎಂದು ಓಣಿಯವರು ಹೇಳಿದ್ದಾರೆ.

ಈ ಮೂರೂ ಸುಳ್ಳಾಗಿರಬಹುದು. ಡಿಸ್ಲೆಕ್ಸಿಯಾ ಇರುವ ಮಗುವಿನ ಬುದ್ಧಿಗೆ ಏನೂ ಆಗಿರುವುದಿಲ್ಲ. ಕಥೆ ಹೇಳಿದರೆ ಹಾಗೇ ತಿರುಗಿ ಹೇಳುತ್ತದೆ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಕೇಳಿದ ದನಿಗೂ ಕಂಡ ಅಕ್ಷರಕ್ಕೂ ಗಂಟು ಬೀಳುವುದು ಮಾತ್ರ ಅದಕ್ಕೆ ಬಹಳ ಕಷ್ಟ. 'ದ' ಮತ್ತು 'ಧ', 'ಪ' ಮತ್ತು 'ಷ' ಒಂದೇ ಆಗಿ ಕಾಣುತ್ತವೆ. ಒತ್ತಕ್ಷರ ಬಂದರೆ ನಾಲಿಗೆ ನಿಲ್ಲುತ್ತದೆ. ಗೆಳೆಯರ ಮುಂದೆ ಎದ್ದು ನಿಂತು ಓದು ಎಂದಾಗ ಅದು ನಗೆಪಾಟಲಾಗುತ್ತದೆ. ಆಮೇಲೆ ಸಾಲಿಗೆ ಹೋಗುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಸುಳ್ಳು, ಜಗಳ, ಕೊನೆಗೆ ಗ್ಯಾರೇಜು. ಓದಿನ ತೊಡಕೂ ಮನಸ್ಸಿನ ನೋವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಚಿಕಿತ್ಸೆಯೂ ಎರಡನ್ನೂ ಕೂಡಿಯೇ ಹಿಡಿಯಬೇಕಾಗುತ್ತದೆ. ಇದಕ್ಕೆ ಗುಳಿಗೆ ಇಲ್ಲ. ಮರಳಿನಲ್ಲಿ ಅಕ್ಷರ ತಿದ್ದಿಸುವುದು, ಒಂದು ಪದವನ್ನು ಬಿಡಿ ದನಿಗಳಾಗಿ ಕೇಳಿಸುವುದು, ಆಟದ ಮೂಲಕ ಅಂಜಿಕೆ ಬಿಡಿಸುವುದು, ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಹದಿನೈದು ದಿನದಲ್ಲಿ ಮಿದುಳು ಚುರುಕು ಮಾಡುತ್ತೇವೆ ಎಂದು ಬೋರ್ಡು ಹಾಕಿಕೊಂಡು ಸಾವಿರಾರು ರೂಪಾಯಿ ಕೀಳುವವರು ತಾವೀಜು ಮಾರುವವರಿಗಿಂತ ಮೇಲೇನೂ ಅಲ್ಲ; ತಾವೀಜು ಸೋವಿಯಾದರೂ ಇರುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಗಂಟಿದೆ. ನಾನು ಉರ್ದು ಸಾಲಿಯಲ್ಲಿ ಅಲಿಫ್ ಬೆ ಕಲಿತು ಕನ್ನಡಕ್ಕೆ ಬಂದ ಪೈಕಿ. ಲಕ್ಷ್ಮೇಶ್ವರದ ನಮ್ಮ ಮಗು ಮನೆಯಲ್ಲಿ ದಖನಿ ಆಡುತ್ತದೆ. ಬೆಳಿಗ್ಗೆ ಮದರಸಾದಲ್ಲಿ ಬಲದಿಂದ ಎಡಕ್ಕೆ ಓದುತ್ತದೆ, ಹತ್ತು ಗಂಟೆಗೆ ಸಾಲಿಯಲ್ಲಿ ಎಡದಿಂದ ಬಲಕ್ಕೆ. ಬೆ, ಪೆ, ತೆಗಳ ಚುಕ್ಕಿ ಎಣಿಸಿ ಬಂದ ಕಣ್ಣು ಕನ್ನಡದ ಕೊಂಬು, ದೀರ್ಘ ಹುಡುಕಬೇಕು. ಇಂಥ ಮಗು ಕನ್ನಡದಲ್ಲಿ ತಡವರಿಸಿದರೆ ಅದು ರೋಗವಲ್ಲ, ಭಾಷೆಯ ದೂರ. ಆದರೆ ಎರಡು ಲಿಪಿಯಲ್ಲೂ ವರ್ಷಗಟ್ಟಲೆ ಎಡವುವ ಮಗುವಿನ ಮಾತೇ ಬೇರೆ. ಈ ಎರಡನ್ನೂ ಬೇರ್ಪಡಿಸಬೇಕಾದರೆ ಮಗುವಿನ ತಾಯಿಯ ಮಾತು ಬಲ್ಲವರೇ ಪರೀಕ್ಷಿಸಬೇಕು. ಕನ್ನಡ ಇಲ್ಲವೆ ಇಂಗ್ಲಿಷಿನ ಪರೀಕ್ಷೆ ಇಟ್ಟು ತೀರ್ಪು ಕೊಟ್ಟರೆ ನೆಟ್ಟಗಿದ್ದ ಮಗು ನ್ಯೂನತೆಯ ಪಟ್ಟಿ ಸೇರುತ್ತದೆ. ನಿಜವಾಗಿ ನೆರವು ಬೇಕಾದದ್ದು 'ಮುಸ್ಲಿಮರ ಹುಡುಗ, ಕನ್ನಡ ಬರೂದಿಲ್ಲ ಬಿಡ್ರಿ' ಎಂಬ ಸಬೂಬಿನಡಿ ಮರೆಯಾಗುತ್ತದೆ. ಎರಡನೆಯದು ಹೆಚ್ಚು ಕ್ರೂರ, ಯಾಕೆಂದರೆ ಅದು ಕನಿಕರದ ವೇಷದಲ್ಲಿ ಬರುತ್ತದೆ.

ದುವಾ ಬೇಡ ಎಂದು ನಾನು ಹೇಳುತ್ತಿಲ್ಲ. ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಕ್ಕೂ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಹಿಂದೂ ಮುಸ್ಲಿಂ ಎನ್ನದೆ ಜನ ಹೋಗುತ್ತಾರೆ. ಕಷ್ಟ ಹೇಳಿಕೊಳ್ಳಲು ತಾಯಂದಿರಿಗೆ ಇರುವ ಜಾಗ ಅವೇ. ಕಚೇರಿಗಳಲ್ಲಿ ಆಕೆಯ ಮಾತನ್ನು ಕೇಳುವವರು ಯಾರಿದ್ದಾರೆ? ಆದರೆ ಓದಲಾಗದ ಮಗುವಿನ ಮೈಯಲ್ಲಿ ಜಿನ್ ಇದೆ ಎಂದು ಹೇಳಿ ಹೆದರಿಸುವವರನ್ನು ಒಪ್ಪಲಾಗದು.

ಗದಗಿನಲ್ಲೇ ಒಂದು ಪಾಠ ಕಣ್ಣೆದುರಿಗಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರಿಬ್ಬರಿಗೂ ಕಣ್ಣಿರಲಿಲ್ಲ. ಬೋರ್ಡಿನ ಮೇಲಿನದನ್ನು ಓದು ಎಂದು ಅಲ್ಲಿ ಯಾರೂ ಮಕ್ಕಳಿಗೆ ಬೆತ್ತ ಎತ್ತಲಿಲ್ಲ; ಕಿವಿಯ ದಾರಿ ಹಿಡಿದರು. ಕುರುಡುತನಕ್ಕೆ ಇಷ್ಟು ಗೌರವ ಕೊಟ್ಟ ಊರಿಗೆ ಕಣ್ಣಿಗೆ ಕಾಣದ ನ್ಯೂನತೆ ಮಾತ್ರ ಯಾಕೆ ಅರ್ಥವಾಗುವುದಿಲ್ಲ?

ಕಾನೂನು ಇಲ್ಲವೆಂದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. 2016ರ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಅದನ್ನೂ ಆಟಿಸಂ ಅನ್ನೂ ಸೇರಿಸಿತು. ಐದು ವರ್ಷಕ್ಕೊಮ್ಮೆ ಸಾಲಿ ಮಕ್ಕಳ ಸಮೀಕ್ಷೆ ನಡೆಸಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಬೋಧನೆ ಕೊಡಬೇಕು ಎಂದಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯ ಮಾತಾಡುತ್ತದೆ. ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಶಿಕ್ಷಕರಿಗೇ ತರಬೇತಿ ಕೊಟ್ಟು ಮಕ್ಕಳ ಮನಸ್ಸಿಗೆ ಆಸರೆಯಾಗುವಂತೆ ಮಾಡಬಹುದು ಎಂಬುದನ್ನು ನಿಮ್ಹಾನ್ಸ್‌ನಲ್ಲಿದ್ದ ಮಾಳವಿಕಾ ಕಪೂರ್ ಬಹಳ ಹಿಂದೆಯೇ ಹೇಳಿದ್ದರು.

ಇಷ್ಟಿದ್ದೂ ನಮಗೆ ಸಿಗುವ ಸಲಹೆ 'ಹುಬ್ಬಳ್ಳಿಗೆ ಹೋಗಿ' ಎಂಬುದು. ಮುಂಡರಗಿಯ ಕೂಲಿ ಹೆಣ್ಣುಮಗಳಿಗೆ 2023ರ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಬಹುದು. ವಾರಕ್ಕೆ ಎರಡು ದಿನದ ಕೂಲಿ ಉಳಿಯುತ್ತದೆಯೇ? ಥೆರಪಿ ಮಗು ಇರುವಲ್ಲಿಗೆ ಬರಬೇಕು. ತಾಲೂಕಿಗೊಬ್ಬ ತರಬೇತಾದ ಶಿಕ್ಷಕಿ, ದಖನಿ ಬಲ್ಲವಳು, ಉರ್ದು ಸಾಲಿ ಕನ್ನಡ ಸಾಲಿ ಎರಡಕ್ಕೂ ತಿರುಗಾಡುವವಳು ಬೇಕು. ಸರಕಾರ ಕೊಡುವವರೆಗೆ ನಮ್ಮ ಅಂಜುಮನ್‌ಗಳು ಒಬ್ಬಳ ಪಗಾರ ಹೊರಲಾರವೆ? ಶಾದಿಮಹಲಿಗೆ ಇನ್ನೊಂದು ಅಂತಸ್ತು ಏರಿಸಲು ಚಂದಾ ಎತ್ತುವವರು ಆ ಪಟ್ಟಿಯಲ್ಲಿ ಈ ಖರ್ಚನ್ನೂ ಬರೆದುಕೊಳ್ಳಲಿ. ಸಾಲಿಯ ಎಸ್‌ಡಿಎಂಸಿ ಸಭೆಗೆ ಹೋಗುವ ತಂದೆತಾಯಿಗಳು ಬಿಸಿಯೂಟದ ಬೇಳೆ ತಿಳಿಯಾಯಿತೆಂದು ದೂರುವುದರ ಜೊತೆಗೆ ಇದನ್ನೂ ಕೇಳಲಿ: ನಮ್ಮ ಸಾಲಿಯಲ್ಲಿ ಆ ಸಮೀಕ್ಷೆ ಯಾವಾಗ ಆಯಿತು, ಮಕ್ಕಳನ್ನು ಯಾರು ಪರೀಕ್ಷಿಸಿದರು, ಯಾವ ಭಾಷೆಯಲ್ಲಿ?