ಬ್ರೇಕಿಗೆ ಎಣ್ಣೆ ಬಿಡಬೇಡಿ ಮಾರಾಯ್ರೇ!

ಮೌಂಟನ್ ಬೈಕಿನ ಬ್ರೇಕು ಕಿರ್ರ್ ಅಂದಿತು ಅಂತ ಮಗ ಡಿಸ್ಕಿಗೆ ಚೈನಿನ ಎಣ್ಣೆ ಬಿಟ್ಟಿದ್ದ. ಶಬ್ದವೇನೋ ನಿಂತಿತು, ಭಾಂಡುಪ್ ಪಶ್ಚಿಮದ ಇಳಿಜಾರಿನಲ್ಲಿ ಸೈಕಲ್ ಮಾತ್ರ ನಿಲ್ಲಲಿಲ್ಲ! ಎದುರಿಗೇ ರಿಕ್ಷಾ. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ.

ಅವನನ್ನು ಬೈದು ಪ್ರಯೋಜನವಿಲ್ಲ ಬಿಡಿ. ಊರಲ್ಲಿ ಬಾವಿಯ ರಾಟೆಯಿಂದ ಹಿಡಿದು ತೊಟ್ಟಿಲ ಕೊಂಡಿಯವರೆಗೆ ಏನೇ ಕಿರುಗುಟ್ಟಿದರೂ ಎಣ್ಣೆ ಹಾಕಿ ಬೆಳೆದವರು ನಾವು. ಅದನ್ನೇ ಅವನಿಗೂ ಕಲಿಸಿದ್ದೆ. ಆದರೆ ಡಿಸ್ಕ್ ಬ್ರೇಕು ಕೆಲಸ ಮಾಡುವುದೇ ತಿಕ್ಕಾಟದಿಂದ. ಪ್ಯಾಡು ಒಮ್ಮೆ ಎಣ್ಣೆ ಕುಡಿಯಿತೆಂದರೆ ಅದನ್ನು ಉಜ್ಜಿ, ಸುಟ್ಟು ಸರಿಮಾಡುವ ಸರ್ಕಸ್ ಬೇಡ. ಹೊಸದು ಹಾಕಿ. ಅದರಲ್ಲಿ ಉಳಿಸುವ ದುಡ್ಡು ದುಡ್ಡೇ ಅಲ್ಲ.

ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಶುಭ್ರ ಬಟ್ಟೆ ಸಾಕು. ಕೈಯ ಜಿಡ್ಡೂ ತಾಗಬಾರದು. (ಇಳಿಜಾರು ಇಳಿದ ಕೂಡಲೇ ಮುಟ್ಟಿದರೆ ಬೆರಳೇ ಸುಟ್ಟೀತು!) ಹೈಡ್ರಾಲಿಕ್ ಬ್ರೇಕಾದರೆ ಚಕ್ರ ಬಿಚ್ಚಿಟ್ಟಾಗ ಲಿವರ್ ಒತ್ತಬೇಡಿ, ಪಿಸ್ಟನ್ ಮುಂದೆ ಬಂದು ಚಕ್ರ ಮತ್ತೆ ಕೂರುವುದಿಲ್ಲ. ಶಿಮಾನೊದ್ದಕ್ಕೆ ಮಿನರಲ್ ಆಯಿಲ್ಲೇ ಬೇಕು. ಕಾರಿನ ಬ್ರೇಕ್ ಆಯಿಲ್ ಸುರಿದರೆ ಒಳಗಿನ ಸೀಲುಗಳು ಹಾಳು.

ಮತ್ತೆ ಮಳೆಗಾಲದಲ್ಲಿ ಒದ್ದೆ ಬ್ರೇಕು ಕಿರುಚುತ್ತದೆ, ಒಣಗಿದರೆ ಸುಮ್ಮನಾಗುತ್ತದೆ. ಕಿರುಚಲಿ ಬಿಡಿ.

ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಮೆಲ್ಲಗೆ ಒತ್ತಿ ಪಳಗಿಸಬೇಕು. ಭಾನುವಾರ ಬೆಳಿಗ್ಗೆ ಖಾಡಿಯ ಕಡೆ ಪಂಪಿಂಗ್ ಸ್ಟೇಷನ್ ರಸ್ತೆಗೆ ಇಬ್ಬರೂ ಹೋಗಿ ಆ ಕೆಲಸ ಮುಗಿಸಿ ಬಂದೆವು. ಎಣ್ಣೆ ಡಬ್ಬಿಯನ್ನು ಇವಳು ಎಲ್ಲೋ ಎತ್ತಿಟ್ಟಿದ್ದಾಳೆ, ಕೇಳಿದರೆ ಹೇಳುತ್ತಿಲ್ಲ.