ಎರಡು ಅಳಿಲುಗಳು ಮತ್ತು ಒಂದು ಪಟ್ಟಿ

ಹೊರ್ತಿಯಂತಹ ಬಯಲುಸೀಮೆಯ ಊರುಗಳಲ್ಲಿ ಅಳಿಲೆಂದರೆ ಬೇವಿನ ಮರದಲ್ಲಿ ಓಡಾಡುವ, ಬೆನ್ನಿನ ಮೇಲೆ ಮೂರು ಪಟ್ಟೆಗಳಿರುವ ಪುಟ್ಟ ಜೀವಿ. ಇಲಿ, ಹೆಗ್ಗಣ, ಮುಳ್ಳುಹಂದಿಗಳಂತೆ ಅದೂ ದಂಶಕ ವರ್ಗಕ್ಕೆ ಸೇರಿದ್ದು. ಇದೇ ವರ್ಗದ ಎರಡು ದೈತ್ಯ ಅಳಿಲುಗಳು ಕರ್ನಾಟಕದ ಕಾಡುಗಳಲ್ಲಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೊದಲನೆಯದು ಕೆಂದಳಿಲು. ಇದು ಭಾರತದಲ್ಲಿ ಮಾತ್ರ ಕಂಡುಬರುವ ಪ್ರಾಣಿ. ಪಶ್ಚಿಮ ಘಟ್ಟ, ಪೂರ್ವ ಘಟ್ಟ ಹಾಗೂ ಮಧ್ಯಭಾರತದ ಕಾಡುಗಳಲ್ಲಿ ಹರಡಿದೆ. ಎರಡನೆಯದು ಬೂದು ದೈತ್ಯ ಅಳಿಲು. ಶ್ರೀಲಂಕಾವನ್ನು ಬಿಟ್ಟರೆ ದಕ್ಷಿಣ ಭಾರತದ ಕೆಲವೇ ತುಂಡು ಕಾಡುಗಳಲ್ಲಿ ಇದರ ವಾಸ. ನಮ್ಮ ರಾಜ್ಯದಲ್ಲಿ ಕಾವೇರಿ ವನ್ಯಜೀವಿಧಾಮದ ಹೊಳೆದಂಡೆಯ ಮರಗಳೇ ಇದರ ಆಸರೆ.

ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಕೆಂದಳಿಲು ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿದ್ದರೆ, ಬೂದು ಅಳಿಲು ‘ಅಪಾಯದ ಅಂಚಿನ ಸಮೀಪ’ದ ವರ್ಗದಲ್ಲಿದೆ. ಆದರೆ ಎರಡರ ಬದುಕೂ ಒಂದೇ ಬಗೆಯದು. ಎರಡೂ ಎತ್ತರದ ಮರಗಳಲ್ಲಿ ಎಲೆ, ಕಡ್ಡಿಗಳಿಂದ ಗೂಡು ಕಟ್ಟುತ್ತವೆ, ಕೊಂಬೆಯಿಂದ ಕೊಂಬೆಗೆ ನೆಗೆಯುತ್ತವೆ, ನೆಲಕ್ಕಿಳಿಯುವುದು ಅಪರೂಪ. ಮರದ ನೆತ್ತಿಗಳ ನಡುವಿನ ನಂಟು ಕಡಿದರೆ ಇವುಗಳ ದಾರಿಯೇ ಕಡಿಯಿತು.

ಆದ್ದರಿಂದ ‘ಕನಿಷ್ಠ ಕಾಳಜಿ’ ಎಂಬ ಮಾತನ್ನು ಮರ ಕಡಿಯಲು ಪರವಾನಗಿಯೆಂದು ಯಾರೂ ಭಾವಿಸಬಾರದು. ಆ ಪಟ್ಟಿ ಇಡೀ ಪ್ರಭೇದದ ಲೆಕ್ಕ ಹೇಳುತ್ತದೆಯೇ ಹೊರತು ನಮ್ಮೂರ ಕಾಡಿನ ಲೆಕ್ಕವನ್ನಲ್ಲ.

ಬೂದು ಅಳಿಲಿನ ಸ್ಥಿತಿ ಇನ್ನೂ ಸೂಕ್ಷ್ಮ. ಮೇಕೆದಾಟು ಅಣೆಕಟ್ಟಿನ ವಿವರವಾದ ಯೋಜನಾ ವರದಿಯನ್ನು ರಾಜ್ಯವು 2019ರಲ್ಲಿ ಕೇಂದ್ರಕ್ಕೆ ಸಲ್ಲಿಸಿತು. 67 ಟಿಎಂಸಿ ನೀರು ನಿಲ್ಲಿಸುವ ಈ ಯೋಜನೆಯಿಂದ ಸುಮಾರು 5,000 ಹೆಕ್ಟೇರ್ ಕಾಡು ಮುಳುಗಲಿದ್ದು, ಅದರ ಬಹುಪಾಲು ವನ್ಯಜೀವಿಧಾಮದ್ದೇ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ. ಆದರೆ ಮುಳುಗುವ ದಂಡೆಯ ಮರಗಳನ್ನು ಬೇರೆಡೆ ಸಸಿ ನೆಟ್ಟು ತುಂಬಿಕೊಡಲಾಗದು. ಹೊಳೆಮತ್ತಿಯೊಂದು ನೆತ್ತಿ ಕೂಡಿಸಲು ತಲೆಮಾರುಗಳೇ ಬೇಕು.

ಕೆಂದಳಿಲು ಕೋಕೋ ಕಾಯಿ ಕೊರೆಯುತ್ತದೆಂಬ ತೋಟಿಗರ ದೂರಿನಲ್ಲಿಯೂ ಸತ್ಯವಿದೆ. ಅದಕ್ಕೆ ಪರಿಹಾರ ಕೇಳೋಣ, ಕೋವಿ ಎತ್ತುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗೂಡಿರುವ ಮರಗಳನ್ನು, ರಸ್ತೆಯ ಮೇಲೆ ನೆತ್ತಿ ಕೂಡಿಸಿದ ಮರಗಳನ್ನು ವಿದ್ಯಾರ್ಥಿಗಳು ಗುರುತಿಸಿ ಸಮಿತಿಯ ದಾಖಲೆಗೆ ಸೇರಿಸಲಿ. ರಸ್ತೆ ಅಗಲಗೊಳಿಸುವ ಪ್ರಸ್ತಾವ ಬಂದ ದಿನ ಗ್ರಾಮಸಭೆಯ ಕೈಯಲ್ಲಿ ಆ ದಾಖಲೆ ಇರಲಿ. ಅಳಿಲಿಗಾಗಿ ನಾವು ಮಾಡಬಹುದಾದ ಅಳಿಲುಸೇವೆ ಇದು.