ಕಡಿದರೆ ಹೆಚ್ಚುವ ಬಳ್ಳಿ

ಕೊಡಗಿನ ಕಾಫಿ ತೋಟಗಳಲ್ಲಿ ಗಿಡಮರಗಳನ್ನು ಮುಸುಕುತ್ತಿರುವ ಮಿಕಾನಿಯಾ ಬಳ್ಳಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 1940ರ ದಶಕದಲ್ಲಿ ಈಶಾನ್ಯ ಭಾರತದ ಚಹಾ ತೋಟಗಳಲ್ಲಿ ನೆಲದ ಹೊದಿಕೆಯಾಗಿ ಬೆಳೆಸಿದ್ದೇ ಮುಂದೆ ಪಿಡುಗಾಯಿತು.

ಇದನ್ನು ಕತ್ತಿಯಿಂದ ಸವರಿ ಅಲ್ಲೇ ಬಿಡುವುದು ನಾಟಿ ಮಾಡಿದಂತೆ. ಗೆಣ್ಣುಳ್ಳ ತುಂಡುಗಳು ಹಸಿನೆಲದಲ್ಲಿ ಬೇರುಬಿಡುತ್ತವೆ. ಹಗುರವಾದ ಬೀಜಗಳು ಗಾಳಿಯಲ್ಲಿ ನೆರೆತೋಟ ಸೇರುತ್ತವೆ. ಕಳೆನಾಶಕ ಸಿಂಪಡಿಸಿದರೆ ಅದು ಮಳೆನೀರಿನೊಡನೆ ತೋಡಿಗಿಳಿಯುವ ಅಪಾಯವಿದೆ. 2005ರಲ್ಲಿ ಅಸ್ಸಾಮಿನಲ್ಲಿ, 2006ರಲ್ಲಿ ಕೇರಳದಲ್ಲಿ ಈ ಬಳ್ಳಿಗೆ ರೋಗ ತರುವ ತುಕ್ಕು ಶಿಲೀಂಧ್ರವನ್ನು ಬಿಡುಗಡೆ ಮಾಡಲಾಯಿತಾದರೂ ಅದು ನೆಲೆಯೂರಲಿಲ್ಲ.

ಆದ್ದರಿಂದ ಕೈಕೆಲಸವೇ ಸದ್ಯದ ದಾರಿ. ಹೂಬಿಡುವ ಮುನ್ನ, ನೆಲ ಸಡಿಲವಾಗಿರುವಾಗ ಬೇರುಸಹಿತ ಕೀಳಬೇಕು. ಕಿತ್ತ ಬಳ್ಳಿಯನ್ನು ಮಣ್ಣಿಗೆ ತಾಗದಂತೆ ಇರಿಸಿ ಪೂರ್ತಿ ಒಣಗಿಸಬೇಕು. ಚಿಗುರಿದ್ದನ್ನು ಮತ್ತೆ ಕೀಳಬೇಕು.

ಇಷ್ಟೆಲ್ಲ ಮಾಡಿದರೂ ರಸ್ತೆಬದಿ, ಪಾಳುತೋಟ, ಕಾಡಂಚುಗಳಲ್ಲಿ ಬಳ್ಳಿ ಹೂಬಿಡುತ್ತಿದ್ದರೆ ರೈತನ ಶ್ರಮ, ಕೂಲಿ ಎರಡೂ ವ್ಯರ್ಥ. ಈ ಹೊರೆಯನ್ನು ಸಣ್ಣ ಬೆಳೆಗಾರನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ರೈತರು ತೋಟಗಳಲ್ಲಿ ಕೀಳುವ ದಿನಗಳಲ್ಲಿಯೇ ಗ್ರಾಮ ಪಂಚಾಯಿತಿ ರಸ್ತೆಬದಿಯನ್ನೂ ಅರಣ್ಯ ಇಲಾಖೆ ಕಾಡಂಚನ್ನೂ ಶುಚಿಗೊಳಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಊರಿನವರು ಒಟ್ಟಾಗಿ ಈ ಬೇಡಿಕೆಯನ್ನು ಮುಂದಿಡಲಿ.